ಮೊಟ್ಟೆ ಉಳಿಸಿದರೆ ಸಾಕೇ? ಸತ್ತ ಆಮೆಯನ್ನೂ ಎಣಿಸುವ ವಿಶಾಖಪಟ್ಟಣ ಕಡಲತೀರದ ಗಸ್ತು

ವಿಶಾಖಪಟ್ಟಣ: ಊರು ಮಲಗಿದ ಮೇಲೆ ಆರ್‌ಕೆ ಬೀಚ್, ಜೋಡುಗುಳ್ಳಪಾಲೆಂ ಕಡಲತೀರದಲ್ಲಿ ಕೆಲವರ ಕೆಲಸ ಶುರುವಾಗುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಇಲ್ಲಿಗೆ ಮೊಟ್ಟೆ ಇಡಲು ಬರುವ ಆಲಿವ್ ರಿಡ್ಲಿ ಕಡಲಾಮೆಗಳ ಹೆಜ್ಜೆ ಗುರುತು ಹುಡುಕುವುದೇ ಆ ಕೆಲಸ. ಅರಣ್ಯ ಇಲಾಖೆ ಸಿಬ್ಬಂದಿ, ಮೀನುಗಾರ ಕುಟುಂಬಗಳ ಯುವಕರು, ಸ್ವಯಂಸೇವಕರು ಇದರಲ್ಲಿ ಕೈಜೋಡಿಸುತ್ತಾರೆ.

ಬ್ರಿಟನ್‌ನಂಥ ದೇಶಗಳಲ್ಲಿ ಸ್ವಯಂಸೇವಕರು ಕಡಲತೀರದ ಸೀಲ್‌ಗಳ ಫೋಟೊ ತೆಗೆದು, ಮೈಮೇಲಿನ ಮಚ್ಚೆಗಳಿಂದ ಒಂದೊಂದನ್ನೂ ಗುರುತಿಸಿ ಲೆಕ್ಕ ಇಡುತ್ತಾರೆ. ನಮ್ಮ ಕರಾವಳಿಯಲ್ಲಿ ಸೀಲ್‌ಗಳಿಲ್ಲ. ಇಲ್ಲಿ ಅಂಥ ಕಾವಲು ಸಿಗುವುದು ಕಡಲಾಮೆಗಳಿಗೆ.

ರಾತ್ರಿಯೇ ಏಕೆ ಗಸ್ತು?

ಹೆಣ್ಣು ಆಮೆ ಸಾಮಾನ್ಯವಾಗಿ ಕತ್ತಲಲ್ಲಿ ದಡಕ್ಕೆ ಬಂದು, ಮರಳಿನಲ್ಲಿ ಗುಂಡಿ ತೋಡಿ ನೂರಕ್ಕೂ ಹೆಚ್ಚು ಮೊಟ್ಟೆ ಇಟ್ಟು, ಮುಚ್ಚಿ ಕಡಲಿಗೆ ಮರಳುತ್ತದೆ. ಮತ್ತೆ ಆ ಗೂಡಿನತ್ತ ಬರುವುದಿಲ್ಲ. ಬೆಳಗಾಗುವಷ್ಟರಲ್ಲಿ ನಾಯಿಗಳೋ ನರಿಗಳೋ ಗೂಡು ಬಗೆದಿರುತ್ತವೆ.

ಮೊಟ್ಟೆಗಳನ್ನು ಸ್ಥಳಾಂತರಿಸುವುದಿದ್ದರೆ ಕೆಲವೇ ಗಂಟೆಗಳೊಳಗೆ ಆಗಬೇಕು. ತಡವಾದರೆ ಒಳಗಿನ ಭ್ರೂಣ ಚಿಪ್ಪಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಮೊಟ್ಟೆ ಅಲುಗಿದರೂ ಅದು ಸಾಯಬಹುದು. ಹೀಗೆ ತಂದ ಮೊಟ್ಟೆಗಳನ್ನು ಬೇಲಿ ಹಾಕಿದ ಹ್ಯಾಚರಿಯಲ್ಲಿ ಹೂಳುತ್ತಾರೆ. 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಬಿಸಿ ನಿರ್ಧರಿಸುತ್ತದೆ. ಬಿಸಿ ಹೆಚ್ಚಾದಷ್ಟೂ ಹೆಣ್ಣು ಮರಿಗಳೇ ಹೆಚ್ಚು. ಹಾಗಾಗಿ ಹ್ಯಾಚರಿಗೆ ನೆರಳೂ ಮುಖ್ಯ.

ವಿಜಯವಾಡದ ಪಟಮಟದಿಂದ ಸುಮಾರು 70 ಕಿ.ಮೀ. ದೂರದ ಮಚಲಿಪಟ್ಟಣದ ಕಡೆಗೂ, ಕೃಷ್ಣಾ ನದಿ ಸಮುದ್ರ ಸೇರುವ ತೀರಕ್ಕೂ ಈ ಆಮೆಗಳು ಬರುತ್ತವೆ.

ಸತ್ತ ಆಮೆಯ ಲೆಕ್ಕ ಏಕೆ?

ಗಸ್ತಿನ ಕಷ್ಟದ ಭಾಗ ಇದು. ದಡಕ್ಕೆ ಬಂದು ಬಿದ್ದ ಕಳೇಬರವನ್ನು ಅಳೆದು, ಜಾಗ ಮತ್ತು ದಿನಾಂಕ ಬರೆದುಕೊಳ್ಳಬೇಕು. ಎರಡು ಬಾರಿ ಲೆಕ್ಕಕ್ಕೆ ಸಿಗದಂತೆ ಬಣ್ಣದ ಗುರುತನ್ನೂ ಹಾಕಬೇಕು.

ಆಮೆ ಉಸಿರಾಡಲು ನೀರಿನ ಮೇಲೆ ಬರಲೇಬೇಕು. ಟ್ರಾಲ್ ಬಲೆಯಲ್ಲಿ ಸಿಕ್ಕಿಕೊಂಡರೆ ಉಸಿರುಗಟ್ಟಿ ಸಾಯುತ್ತದೆ. ಸಾವಿರ ಮರಿಗಳಲ್ಲಿ ದೊಡ್ಡದಾಗಿ ಬೆಳೆಯುವುದು ಒಂದು ಎಂಬುದು ಸಾಮಾನ್ಯ ಅಂದಾಜು. ಅಂದರೆ ಬಲೆಯಲ್ಲಿ ಒಂದು ತಾಯಿ ಆಮೆ ಸತ್ತರೆ ಹತ್ತು ಗೂಡು ಕಾಯ್ದ ಶ್ರಮ ನೀರುಪಾಲು. ಹ್ಯಾಚರಿಯ ಲೆಕ್ಕ ಮಾತ್ರ ನೋಡಿದರೆ ಎಲ್ಲವೂ ಚೆನ್ನಾಗಿದೆ ಎನಿಸುತ್ತದೆ. ಕಳೇಬರದ ಲೆಕ್ಕವೇ ಕಡಲಿನೊಳಗಿನ ಕಥೆ ಹೇಳುವುದು.

2025ರ ಜನವರಿಯಲ್ಲಿ ಚೆನ್ನೈ ಆಸುಪಾಸಿನ ತೀರದಲ್ಲಿ ನೂರಾರು ಆಮೆಗಳು ಸತ್ತು ಬಿದ್ದಿದ್ದು ಹೀಗೆ ಎಣಿಸುವವರಿದ್ದುದರಿಂದಲೇ ದೊಡ್ಡ ಸುದ್ದಿಯಾಯಿತು. ಅಲ್ಲಿ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲ 1988ರಿಂದ ರಾತ್ರಿ ನಡಿಗೆ ನಡೆಸುತ್ತಿದೆ. ಅದೇ ಸಮಯದಲ್ಲಿ ಕಾಕಿನಾಡ ಕಡೆಯ ಆಮೆಗಳ ಸಾವಿನ ಬಗ್ಗೆ ಆಂಧ್ರದ ಉಪಮುಖ್ಯಮಂತ್ರಿ, ಅರಣ್ಯ ಸಚಿವ ಪವನ್ ಕಲ್ಯಾಣ್ ತನಿಖೆಗೆ ಸೂಚಿಸಿದ್ದರು.

ಪರಿಹಾರ ಇಲ್ಲವೇ?

ಇದೆ. ಬಲೆಯ ಕುತ್ತಿಗೆ ಭಾಗಕ್ಕೆ ಟೆಡ್ ಎಂಬ ಕಂಬಿ ಚೌಕಟ್ಟು ಅಳವಡಿಸಿದರೆ ಸೀಗಡಿ ಕಂಬಿಗಳ ನಡುವೆ ಒಳಗೆ ಹೋಗುತ್ತದೆ, ಆಮೆ ತೆರೆದ ಕಿಂಡಿಯಿಂದ ಪಾರಾಗುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ದೋಣಿಗಳಿಗೆ ಹೊಂದುವ ಟೆಡ್ ರೂಪಿಸಿದೆ. ಆದರೆ ಮೀನೂ ಕಿಂಡಿಯಿಂದ ಹೋಗಿಬಿಟ್ಟರೆ ಎಂಬ ಆತಂಕ ಮೀನುಗಾರರದು. ಅದನ್ನು ತಳ್ಳಿಹಾಕುವಂತಿಲ್ಲ. ಇನ್ನೊಂದೆಡೆ, ಟೆಡ್ ಬಳಸದ ಕಾರಣಕ್ಕೆ ಅಮೆರಿಕ 2019ರಿಂದ ಭಾರತದ ಕಡಲಲ್ಲಿ ಹಿಡಿದ ಸೀಗಡಿಯ ಆಮದು ನಿಲ್ಲಿಸಿದ್ದು, ನಷ್ಟ ಅವರಿಗೂ ತಟ್ಟಿದೆ.

ಪೂರ್ವ ಕರಾವಳಿಯ ಮೀನುಗಾರಿಕೆ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಷ್ಟರಲ್ಲಿ ಆಮೆಗಳು ಮೊಟ್ಟೆ ಇಡುವ ಮುಖ್ಯ ಅವಧಿ ಮುಗಿದಿರುತ್ತದೆ. ಯಾವ ತಿಂಗಳು, ಯಾವ ತೀರದಲ್ಲಿ ಸಾವು ಹೆಚ್ಚು ಎಂದು ಗಸ್ತಿನ ಪುಸ್ತಕ ತೋರಿಸಿದರೆ, ಇಡೀ ಕಡಲನ್ನು ಮುಚ್ಚುವ ಬದಲು ಅಲ್ಲಿ ಮಾತ್ರ ನಿರ್ಬಂಧ ಹಾಕಬಹುದು.

ಕರ್ನಾಟಕಕ್ಕೂ ಸಂಬಂಧ ಇದೆಯೇ?

ಖಂಡಿತ. 2021ರಲ್ಲಿ ಒಡಿಶಾದಲ್ಲಿ 03233 ಸಂಖ್ಯೆಯ ಟ್ಯಾಗ್ ಹಾಕಿದ್ದ ಆಮೆ 2025ರ ಜನವರಿಯಲ್ಲಿ ಮಹಾರಾಷ್ಟ್ರದ ಗುಹಾಗರ್ ತೀರದಲ್ಲಿ ಮೊಟ್ಟೆ ಇಡುವಾಗ ಸಿಕ್ಕಿತು. ಈ ಪಯಣ ಸುಮಾರು 3,500 ಕಿ.ಮೀ. ಎಂದು ಅಂದಾಜಿಸಲಾಗಿದೆ. ಪೂರ್ವ ತೀರದ ಆಮೆ ಪಶ್ಚಿಮಕ್ಕೂ ಬರಬಲ್ಲದು ಎಂಬುದು ಗೊತ್ತಾಗಿದ್ದು ಯಾರೋ ಆ ರಾತ್ರಿ ಟ್ಯಾಗ್ ಓದಿದ್ದರಿಂದ. ಹೊನ್ನಾವರದ ಕಾಸರಕೋಡು ಟೊಂಕ, ಮಂಗಳೂರಿನ ಸಸಿಹಿತ್ಲು ತೀರಗಳಿಗೂ ಆಲಿವ್ ರಿಡ್ಲಿ ಬರುತ್ತದೆ. ಕಾಸರಗೋಡು ಜಿಲ್ಲೆಯ ನೀಲೇಶ್ವರದ ಬಳಿಯ ತೈಕಡಪ್ಪುರದಲ್ಲಿ ಸ್ಥಳೀಯರೇ ವರ್ಷಗಳಿಂದ ಗೂಡು ಕಾಯುತ್ತಿದ್ದಾರೆ.

ಆಮೆ ಕಂಡರೆ ನೀವೇನು ಮಾಡಬೇಕು?

• ಟಾರ್ಚ್, ಫ್ಲ್ಯಾಶ್ ಹಾಕಬೇಡಿ. ಬೆಳಕಿಗೆ ಬೆದರಿ ತಾಯಿ ಮೊಟ್ಟೆ ಇಡದೆ ಮರಳಬಹುದು.

• ಮರಿಗಳನ್ನು ಎತ್ತಿ ನೀರಿಗೆ ಬಿಡಬೇಡಿ. ಅವು ತಾವೇ ತೆವಳಿ ಹೋಗಲಿ.

• ಗೂಡನ್ನು ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಪ್ರಾಣಿ ಇದು. ಮೊಟ್ಟೆ ತೆಗೆಯುವುದೂ ಅಪರಾಧ.

• ಸತ್ತ ಆಮೆ ಕಂಡರೂ ಫೋಟೊ ತೆಗೆದು, ಜಾಗ ಗುರುತಿಸಿ ಅರಣ್ಯ ಇಲಾಖೆಗೆ ತಿಳಿಸಿ. ಕರ್ನಾಟಕದಲ್ಲಿ ಸಹಾಯವಾಣಿ 1926. ನೀವು ಕೊಟ್ಟ ಆ ಒಂದು ಮಾಹಿತಿ ಸೇರಿದರಷ್ಟೇ ಲೆಕ್ಕ ಪೂರ್ತಿಯಾಗುತ್ತದೆ.