ಏಳು ಹೆಜ್ಜೆಯೊಳಗೆ 6174

ನಾಲ್ಕಂಕಿಯ ಯಾವುದಾದರೂ ಸಂಖ್ಯೆಯನ್ನು ಬರೆದುಕೊಳ್ಳಿ. ನಾಲ್ಕೂ ಅಂಕಿಗಳು ಒಂದೇ ಆಗಿರಬಾರದು, ಅಷ್ಟೇ ಷರತ್ತು. ಆ ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ, ಅದರಿಂದ ಏರಿಕೆ ಕ್ರಮದ ಸಂಖ್ಯೆಯನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡಿ. ಹೆಚ್ಚೆಂದರೆ ಏಳನೆಯ ಸಲಕ್ಕೆ 6174 ಬಂದೇ ಬರುತ್ತದೆ.

1905 ಅನ್ನು ತೆಗೆದುಕೊಳ್ಳೋಣ.

9510 − 0159 = 9351
9531 − 1359 = 8172
8721 − 1278 = 7443
7443 − 3447 = 3996
9963 − 3699 = 6264
6642 − 2466 = 4176
7641 − 1467 = 6174

ಮುಂದೆ ಎಷ್ಟು ಸಲ ಕಳೆದರೂ 7641ರಲ್ಲಿ 1467 ಹೋದರೆ 6174 ತಾನೇ! ಲೆಕ್ಕ ಅಲ್ಲಿಂದ ಕದಲುವುದಿಲ್ಲ.

1905ನ್ನು ಬೇಕೆಂದೇ ಆರಿಸಿದೆ. ಈ ಗುಣವನ್ನು ಕಂಡುಹಿಡಿದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಹುಟ್ಟಿದ ವರ್ಷ ಅದು. ಹುಟ್ಟೂರು ಮಹಾರಾಷ್ಟ್ರದ ಡಹಾಣು. ಕೆಲಸ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿ. ಸ್ನಾತಕೋತ್ತರ ಪದವಿ ಇರಲಿಲ್ಲ, ವಿಶ್ವವಿದ್ಯಾಲಯದ ಹುದ್ದೆಯೂ ಇರಲಿಲ್ಲ. 6174ರ ಗುಟ್ಟು ಅವರಿಗೆ ಸಿಕ್ಕಿದ್ದು 1949ರಲ್ಲಿ. ಇಲ್ಲಿನ ಗಣಿತಜ್ಞರಲ್ಲಿ ಹಲವರು ಇದೇನು ಮಹಾ ಎಂದು ತಳ್ಳಿಹಾಕಿದರು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದ ಮೇಲೆಯೇ ಹೊರಜಗತ್ತು ಅವರನ್ನು ಗುರುತಿಸಿದ್ದು. ಅಷ್ಟು ತಡವಾದದ್ದು ಅನ್ಯಾಯವೆಂದೇ ನನ್ನ ಭಾವನೆ.

ಎಲ್ಲ ದಾರಿಗಳೂ ಇಲ್ಲಿಗೇ ಬಂದು ಸೇರುವುದೇಕೆ? ತಿರುವಿ ಕಳೆಯುವಾಗ ಸಾವಿರ ಮತ್ತು ಬಿಡಿ ಸ್ಥಾನದ ಅಂಕಿಗಳು ಅದಲುಬದಲಾಗುತ್ತವೆ. ಹಾಗಾಗಿ ಅವೆರಡರ ನಡುವಿನ ಒಂದೊಂದು ವ್ಯತ್ಯಾಸಕ್ಕೂ 1000 − 1, ಅಂದರೆ 999 ಸಿಗುತ್ತದೆ. ನೂರು ಮತ್ತು ಹತ್ತರ ಸ್ಥಾನದಿಂದ ಇದೇ ರೀತಿ 90. 7641ರಲ್ಲಿ ತುದಿಗಳ ವ್ಯತ್ಯಾಸ 6, ನಡುವಿನದು 2. 999 × 6 = 5994, 90 × 2 = 180; ಕೂಡಿದರೆ 6174. ಅಂದರೆ ಉತ್ತರವನ್ನು ನಿರ್ಧರಿಸುವುದು ನಾಲ್ಕು ಅಂಕಿಗಳಲ್ಲ, ಎರಡೇ ವ್ಯತ್ಯಾಸಗಳು. ಅಂಥ ಜೋಡಿಗಳು ಇರುವುದೇ 54. ಸಾವಿರಾರು ಸಂಖ್ಯೆಗಳು ಮೊದಲ ಹೆಜ್ಜೆಯಲ್ಲೇ 54 ಉತ್ತರಗಳೊಳಗೆ ಬಂದುಬಿಡುತ್ತವೆ. ಆ 54ನ್ನೂ ಕೂತು ಲೆಕ್ಕ ಹಾಕಿದರೆ ಒಂದೂ ಬಿಡದೆ 6174ಕ್ಕೇ ಮುಟ್ಟುತ್ತವೆ. ಕಂಪ್ಯೂಟರ್ ಬೇಡ, ಕಾಗದ ಪೆನ್ಸಿಲ್ ಸಾಕು.

ಈ ಸಂಖ್ಯೆಯ ಚೆಲುವು ಇಷ್ಟಕ್ಕೇ ಮುಗಿಯುವುದಿಲ್ಲ. ಇದರ ಅಂಕಿಗಳ ಮೊತ್ತ 18. 6174ನ್ನು 18ರಿಂದ ಭಾಗಿಸಿದರೆ ಶೇಷವಿಲ್ಲದೆ 343, ಅಂದರೆ 7ರ ಘನ. ಹೀಗೆ ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆಗಳಿಗೆ ‘ಹರ್ಷದ’ ಎಂದು ಹೆಸರಿಟ್ಟವರೂ ಕಾಪ್ರೇಕರರೇ. ಇನ್ನೂ ಒಂದಿದೆ: 18, 18ರ ವರ್ಗ 324, 18ರ ಘನ 5832 — ಮೂರನ್ನೂ ಕೂಡಿ ನೋಡಿ. ಮತ್ತೆ 6174!

ಮೂರಂಕಿಯ ಸಂಖ್ಯೆಗಳು ಇದೇ ಆಟದಲ್ಲಿ 495ಕ್ಕೆ ಬಂದು ನಿಲ್ಲುತ್ತವೆ. ಎರಡಂಕಿಯವು ನಿಲ್ಲುವುದೇ ಇಲ್ಲ. 81, 63, 27, 45, 09 ಎಂದು ಸುತ್ತುತ್ತಲೇ ಇರುತ್ತವೆ. ಐದಂಕಿಯಲ್ಲೂ ನಿಲ್ಲುವ ತಾಣವಿಲ್ಲ.

ಶಾಲೆಯಲ್ಲಿ ವ್ಯವಕಲನ ಕಲಿಸುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಒಂದು ದಿನ ಪುಸ್ತಕದ ಲೆಕ್ಕ ಬದಿಗಿಟ್ಟು, ಪ್ರತಿ ಮಗುವಿಗೂ ಅದು ಹುಟ್ಟಿದ ಇಸವಿಯನ್ನು ಕೊಟ್ಟು ಈ ಲೆಕ್ಕ ಮಾಡಿಸಿ. ನಡುವೆ 999 ಬಂದರೆ ಅದನ್ನು 0999 ಎಂದು ಬರೆಯಬೇಕೆಂದು ಮಾತ್ರ ಮೊದಲೇ ಹೇಳಿಡಿ. ಆ ಸೊನ್ನೆ ಬಿಟ್ಟುಹೋದರೆ ಲೆಕ್ಕ ದಾರಿ ತಪ್ಪುತ್ತದೆ.