ಕೊಟ್ಟಿಗೆಯಲ್ಲಿದ್ದ ಫಿಯೆಟ್

ನನ್ನ ವಯಸ್ಸಿನವರಿಗೆ ಕಾರು ಎಂದರೆ ಕಣ್ಣಿಗೆ ಬರುವುದು ಎರಡೇ. ಒಂದು ಉಬ್ಬಿದ ಕೆನ್ನೆಯ ಅಂಬಾಸಿಡರ್, ಇನ್ನೊಂದು ಪುಟ್ಟ ಫಿಯೆಟ್. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟಾಂಡರ್ಡ್ ಹೆರಾಲ್ಡ್ ಎಂಬ ಮೂರನೆಯದೂ ಇತ್ತು, ಆದರೆ ನಮ್ಮ ಕಡೆ ಅದು ಅಪರೂಪ. ಮಕ್ಕಳೇ, ಈಗ ನಿಮ್ಮ ಅಪ್ಪ ಅಮ್ಮ ಶೋರೂಮಿಗೆ ಹೋಗಿ ಬಣ್ಣ ಆರಿಸಿ ಬಂದರೆ ಕೆಲವು ವಾರಗಳಲ್ಲಿ ಕಾರು ಮನೆ ಮುಂದೆ ನಿಲ್ಲುತ್ತದೆ. ಆಗ ಹಾಗಲ್ಲ. ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಬುಕ್ ಮಾಡಿದಾಗ ಹುಟ್ಟಿದ ಮಗು ಕಾರು ಬರುವ ಹೊತ್ತಿಗೆ ಶಾಲೆಗೆ ಸೇರಿರುತ್ತಿತ್ತು ಎಂದು ನಾವು ನಗೆಯಾಡುತ್ತಿದ್ದೆವು.

ಫಿಯೆಟ್ ಇಟಲಿಯ ಕಂಪನಿ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್, ಮುಂಬಯಿಯ ಕುರ್ಲಾದಲ್ಲಿ ಅದರ ಕಾರುಗಳನ್ನು ತಯಾರಿಸುತ್ತಿತ್ತು. 1964ರಲ್ಲಿ ಬಂದ ಮಾದರಿಯ ಹೆಸರು 1100 ಡಿಲೈಟ್. ಹೆಚ್ಚುಕಡಿಮೆ ಅದೇ ಕಾರು 1974ರಿಂದ ಪ್ರೀಮಿಯರ್ ಪದ್ಮಿನಿ ಎಂದಾಯಿತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳನ್ನು ಸಿನಿಮಾದಲ್ಲಿ ನೋಡಿದ್ದೀರಲ್ಲ, ಅವು ಇವೇ. 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳ ಓಡಾಟ ನಿಂತಿತು.

ನಮ್ಮ ಮನೆಯದು 1966ರ ಡಿಲೈಟ್. ದಾವಣಗೆರೆಯಲ್ಲಿ ದಲ್ಲಾಳಿ ಅಂಗಡಿ ಇಟ್ಟಿದ್ದ ನನ್ನ ಅಣ್ಣ ಅದನ್ನು ಎರಡನೇ ಕೈಯಲ್ಲಿ ಕೊಂಡರು. ಕಪ್ಪು ಪ್ಲೇಟಿನ ಮೇಲೆ ಬಿಳಿ ಅಕ್ಷರದಲ್ಲಿ 'ಎಂವೈ' ಎಂದು ಶುರುವಾಗುವ ನಂಬರು. ಆಗ ನಮ್ಮದಿನ್ನೂ ಚಿತ್ರದುರ್ಗ ಜಿಲ್ಲೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದೇ ವರ್ಷ ಅಣ್ಣ ತೀರಿಕೊಂಡರು. ಕಾರು ಲೋಕಿಕೆರೆಯ ದನದ ಕೊಟ್ಟಿಗೆ ಸೇರಿತು. ಮೇಲೆ ಹುಲ್ಲು ಒಟ್ಟಿದರು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತು, ಇಲಿಗಳು ಸೀಟಿನ ನಾರು ಕಿತ್ತು ಗೂಡು ಕಟ್ಟಿದವು. ಒಮ್ಮೆ ಸ್ಟಿಯರಿಂಗಿಗೆ ಹಾವಿನ ಪೊರೆ ಸುತ್ತಿಕೊಂಡಿತ್ತು.

2018ರಲ್ಲಿ ಅಣ್ಣನ ಮಗ ಗುಜರಿಯವನನ್ನು ಕರೆತಂದ. ಒಂಬೈನೂರು ಕಿಲೋ ಆಸುಪಾಸಿನ ಕಾರು. ತೂಕಕ್ಕೆ ಹದಿನೆಂಟು ಸಾವಿರ ಎಂದ. ಅತ್ತಿಗೆ ಜಗಲಿಯ ಮೇಲೆ ಕೂತಿದ್ದರು. ಆಗ ಅವರಿಗೆ ಎಪ್ಪತ್ತೊಂಬತ್ತು.

"ಕೊಡ್ರಿ, ನಂದೇನು ಅಡ್ಡಿ ಇಲ್ಲ. ಒಂದ್ಸಲ ಅದ್ರಾಗೆ ಹರಿಹರಕ್ಕೆ ಹೋಗಿ ಈಶ್ವರನ್ನ ನೋಡ್ಕಂಡು ಬರ್ತೀನಿ. ಆಮೇಲೆ ಕೊಡ್ರಿ" ಎಂದರು.

ಎಲ್ಲರೂ ನಕ್ಕರು. ನಾಲ್ಕು ಗಾಲಿಗಳೂ ಸಗಣಿಯಲ್ಲಿ ಹೂತಿದ್ದವು. ನಗದಿದ್ದವರು ನಾನು ಮತ್ತು ಆಗ ಒಂದನೇ ತರಗತಿಯಲ್ಲಿದ್ದ ನನ್ನ ಮೊಮ್ಮಗಳು. "ಯಾಕೆ ಅಜ್ಜ, ಹೋಗಕ್ಕಾಗಲ್ವಾ?" ಎಂದು ಕೇಳಿದಳು. ಗುಜರಿಯವನಿಗೆ ಚಹಾ ಕೊಟ್ಟು ಕಳಿಸಿದೆವು.

ಹಳೆಯ ಕಾರು ಎಂದರೆ ರಾಜಮಹಾರಾಜರ ದೊಡ್ಡ ಕಾರುಗಳೇ ಎಂಬ ಭಾವನೆ ಹಲವರಲ್ಲಿದೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ದಶಕಗಳಿಂದ ಕಾರುಗಳನ್ನು ಕೂಡಿಸಿ ಕಾಪಾಡಿದ್ದಾರೆ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ 'ಪಯಣ' ಸಂಗ್ರಹಾಲಯದಲ್ಲಿ ಅಂಥವನ್ನು ನೀವೂ ನೋಡಬಹುದು, ಮಕ್ಕಳನ್ನು ತಪ್ಪದೆ ಕರೆದೊಯ್ಯಿರಿ. ಆದರೆ ಸಂಗ್ರಹಾಲಯದ ಕಾರು ಹೊಳೆಯುತ್ತ ನಿಂತಿದ್ದರೆ ಸಾಕು. ನಮ್ಮದು ಓಡಬೇಕಿತ್ತು, ಅದೂ ಮಂಡಿ ನೋವಿನ ಅಜ್ಜಿಯೊಬ್ಬರನ್ನು ಕೂರಿಸಿಕೊಂಡು.

ಮೊದಲ ವರ್ಷ ಹೋದದ್ದು ತುಕ್ಕಿಗೆ. ಲಾರಿಗೆ ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ಬಾಡಿ. ಈ ಫಿಯೆಟ್ಟಿಗೆ ಬೇರೆ ಚಾಸಿಯೇ ಇಲ್ಲ. ನೆಲ, ಬಾಗಿಲ ಕೆಳಗಿನ ಹೊಸಿಲಿನಂಥ ತೊಲೆ, ಕಂಬ, ಛಾವಣಿ ಎಲ್ಲ ಒಂದೇ ಪೆಟ್ಟಿಗೆಯಾಗಿ ಭಾರ ಹೊರುತ್ತವೆ. ಬೆಂಕಿಪೊಟ್ಟಣ ತಗೊಳ್ಳಿ. ಒಳಗಿನ ಗೂಡನ್ನು ತೆಗೆದು ಹೊರಗಿನ ಹೊದಿಕೆಯನ್ನು ಒತ್ತಿ ನೋಡಿ, ಒಂದು ಕಡೆ ವಾಲಿಕೊಳ್ಳುತ್ತದೆ. ನಮ್ಮ ಕಾರಿನ ನೆಲ ಸಗಣಿ ಗಂಜಲದ ತೇವಕ್ಕೆ ಹಪ್ಪಳವಾಗಿತ್ತು. ದಾವಣಗೆರೆಯ ಹಳೆಯ ಟಿಂಕರಿಂಗ್ ಮೇಸ್ತ್ರಿ ಸುತ್ತಿಗೆಯಿಂದ ತಟ್ಟುತ್ತ ಹೋದರು. "ಟಣ್" ಎಂದರೆ ಗಟ್ಟಿ, "ದಬ್" ಎಂದರೆ ಟೊಳ್ಳು. ಎಡಗಡೆಯ ತೊಲೆ ಉದ್ದಕ್ಕೂ ದಬ್ ಎಂದಿತು.

ಅದನ್ನು ಒಮ್ಮೆಗೇ ಕತ್ತರಿಸಿದರೆ ಕಾರು ನಡುವೆ ಜೋಲುತ್ತದೆ, ಮತ್ತೆಂದೂ ಬಾಗಿಲು ಕೂರುವುದಿಲ್ಲ. ಮೇಸ್ತ್ರಿ ಮೊದಲು ಬಾಗಿಲ ಚೌಕಟ್ಟುಗಳ ಒಳಗೆ ಕಬ್ಬಿಣದ ಪಟ್ಟಿಗಳನ್ನು ಅಡ್ಡಡ್ಡ ವೆಲ್ಡ್ ಮಾಡಿದರು, ಗೋಡೆ ಒಡೆಯುವ ಮುಂಚೆ ಸೂರಿಗೆ ಆನಿಕೆ ಕೊಡುವ ಹಾಗೆ. ಆಮೇಲೆ ಒಂದೊಂದು ಗೇಣು ಕತ್ತರಿಸಿ ಹೊಸ ತಗಡು ಕೂರಿಸಿದರು. ದಿನವೂ ಸಂಜೆ ಬಾಗಿಲನ್ನು ತೂಗುಹಾಕಿ ಮುಚ್ಚಿ ನೋಡುತ್ತಿದ್ದರು. ಬೇರೆಡೆ ತುಕ್ಕಿನ ಮೇಲೇ ಪಟ್ಟಿ ಬಳಿದು ಬಣ್ಣ ಹೊಡೆದು ಹತ್ತೇ ದಿನದಲ್ಲಿ ಕಾರು ಕೊಡುವವರಿದ್ದಾರೆ. ಇವರಿಗೆ ಹನ್ನೊಂದು ತಿಂಗಳು ಬೇಕಾಯಿತು.

ಎಂಜಿನ್ನು ಜಾಮ್ ಆಗಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತುಗಳಲ್ಲಿ ಡೀಸೆಲ್ ಸುರಿದು ಹದಿನೈದು ದಿನ ನೆನೆಹಾಕಿದೆವು, ಇಡ್ಲಿಗೆ ಉದ್ದು ನೆನೆಹಾಕಿದಂತೆ! ಕೊನೆಗೆ ಕೈಯಿಂದ ತಿರುಗಿಸಿದಾಗ ಕೂದಲೆಳೆಯಷ್ಟು ಅಲುಗಿತು. ಬಿಚ್ಚಿ ನೋಡಿದರೆ ಸಿಲಿಂಡರುಗಳು ಸವೆದು ದುಂಡು ಕಳೆದುಕೊಂಡಿದ್ದವು. ರೀಬೋರ್ ಮಾಡಿಸಬೇಕು, ಅಂದರೆ ಒಳಗೋಡೆ ಕೊರೆದು ಮತ್ತೆ ದುಂಡಗೆ ಮಾಡಿ ದೊಡ್ಡ ಪಿಸ್ಟನ್ ಹಾಕಬೇಕು.

ಇಲ್ಲೊಂದು ಲೆಕ್ಕವಿದೆ, ಹೈಸ್ಕೂಲಿನವರು ಪೆನ್ಸಿಲ್ ಹಿಡಿಯಿರಿ. ಈ ಎಂಜಿನ್ನಿನ ಸಿಲಿಂಡರಿನ ವ್ಯಾಸ 68 ಮಿಲಿಮೀಟರ್, ಪಿಸ್ಟನ್ ಓಡಾಡುವ ಎತ್ತರ 75 ಮಿಲಿಮೀಟರ್, ಸಿಲಿಂಡರು ನಾಲ್ಕು. ತ್ರಿಜ್ಯ 34ರ ವರ್ಗವನ್ನು 3.14ರಿಂದ, ಅದನ್ನು 75ರಿಂದ, ಆಮೇಲೆ 4ರಿಂದ ಗುಣಿಸಿ. ಘನ ಸೆಂಟಿಮೀಟರಿಗೆ ತರಲು ಸಾವಿರದಿಂದ ಭಾಗಿಸಿ. 1,089 ಬಂತೇ? ಕಂಪನಿಯ ಪುಸ್ತಕದಲ್ಲಿರುವುದೂ ಅದೇ, 1,089 ಸಿಸಿ. ನಾವು ವ್ಯಾಸವನ್ನು ಅರ್ಧ ಮಿಲಿಮೀಟರ್ ಹೆಚ್ಚಿಸಿದೆವು. ಈಗ ಎಷ್ಟು ಸಿಸಿ ಎಂಬುದನ್ನು ನೀವೇ ಹುಡುಕಿ. ಉಳಿತಾಯ ಖಾತೆಯ ಬಡ್ಡಿಗಿಂತ ಕಡಿಮೆಯೇ ಹೆಚ್ಚಾಗಿದೆ ಎಂದಷ್ಟೇ ಹೇಳುತ್ತೇನೆ.

2020ರಲ್ಲಿ ಕೊರೋನಾ ಬಂತು. ಗ್ಯಾರೇಜ್ ಮುಚ್ಚಿತು, ಎಂಜಿನ್ನಿನ ಭಾಗಗಳು ಗ್ರೀಸ್ ಸವರಿಸಿಕೊಂಡು ನಮ್ಮ ಪಡಸಾಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿದವು. ಅತ್ತಿಗೆಗೂ ಸೋಂಕು ತಗುಲಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಬಂದಾಗ ಕೋಲಿಲ್ಲದೆ ನಡೆಯುವಂತಿರಲಿಲ್ಲ. ಕಾರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೇಳಿದ್ದರೆ ವಾಸಿಯಿತ್ತು ಅನ್ನಿಸಿತು ನನಗೆ.

ಬಿಡಿಭಾಗಗಳ ಬೇಟೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಪದ್ಮಿನಿಯ ಬಹುಪಾಲು ಭಾಗ ಡಿಲೈಟಿಗೆ ಹೊಂದುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬ್ರೇಕಿನ ಸಾಮಾನು, ಬೀಡಿಂಗ್ ರಬ್ಬರು, ದೀಪದ ಗಾಜು ಸಿಕ್ಕವು. ಸಿಗದಿದ್ದದ್ದು ಗೇರಿನ ಬುಷ್. ಈ ಕಾರಿನಲ್ಲಿ ಗೇರ್ ನೆಲದ ಮೇಲಿಲ್ಲ, ಸ್ಟಿಯರಿಂಗಿನ ಪಕ್ಕದಲ್ಲಿದೆ. ಅಲ್ಲಿಂದ ಗೇರ್‌ಬಾಕ್ಸಿನವರೆಗೆ ಸರಳುಗಳ ಸಾಲು. ನಡುನಡುವೆ ಉಂಗುರದಂಥ ಬುಷ್‌ಗಳು. ಅವು ಸವೆದರೆ ಎರಡನೇ ಗೇರ್ ಹಾಕಿದಾಗ ಯಾವುದು ಬೀಳುತ್ತದೋ ದೇವರೇ ಬಲ್ಲ.

ಅದಕ್ಕೆ ದಾರಿ ಸಿಕ್ಕಿದ್ದು ಹರಿಹರದಲ್ಲಿ. ಅಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಲೇತ್ ಯಂತ್ರಕ್ಕೆ ಅದು ದೇಶಕ್ಕೇ ಹೆಸರಾಗಿತ್ತು. ಯಂತ್ರಗಳ ಊರು ಎಂದೇ ಆ ಬಡಾವಣೆಗೆ ಯಂತ್ರಾಪುರ ಎಂಬ ಹೆಸರು. ನಮ್ಮ ಬ್ಯಾಂಕಿನ ಕೌಂಟರಿಗೆ ಬರುತ್ತಿದ್ದ ಕಾರ್ಮಿಕರ ಅಂಗೈ ಮಡಿಕೆಗಳಲ್ಲಿ ಎಣ್ಣೆಯ ಕಪ್ಪು ಗೆರೆ ಇರುತ್ತಿತ್ತು. ಎಷ್ಟು ತೊಳೆದರೂ ಹೋಗದು. ಈಗ ಕಾರ್ಖಾನೆ ಮುಚ್ಚಿದೆ. ಆದರೆ ಕೈ ಮುಚ್ಚಿಲ್ಲವಲ್ಲ! ಅಲ್ಲಿ ದುಡಿದಿದ್ದ ಟರ್ನರ್ ಒಬ್ಬರು ತಮ್ಮ ಚಿಕ್ಕ ಶೆಡ್ಡಿನಲ್ಲಿ ಹಳೆಯ ಕಿರ್ಲೋಸ್ಕರ್ ಲೇತನ್ನೇ ಇಟ್ಟುಕೊಂಡಿದ್ದಾರೆ. ಸವೆದ ಬುಷ್ಷನ್ನು ಬೆಳಕಿಗೆ ಹಿಡಿದು ನೋಡಿದರು. "ಇದರ ಅಳತೆ ತಗಂಡ್ರೆ ಸವೆದದ್ದನ್ನೇ ಮಾಡ್ದಂಗಾಗುತ್ತೆ ಸಾರ್, ಸರಳಿನ ಅಳತೆ ತಗಳ್ಳಣ" ಎಂದರು. ಗನ್‌ಮೆಟಲ್ ತುಂಡಿನಿಂದ ಒಂದು ಮಧ್ಯಾಹ್ನದಲ್ಲಿ ಆರು ಬುಷ್ ಕಡೆದುಕೊಟ್ಟರು. ಜೊತೆಗಿದ್ದ ಮೊಮ್ಮಗಳು ಹೊಂಬಣ್ಣದ ಲೋಹದ ಸುರುಳಿಗಳನ್ನು ಕಂಪಾಸ್ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದಳು.

ಮನೆಯಲ್ಲಿ ಜಗಳ ಶುರುವಾದದ್ದು ಆಮೇಲೆ. ಎಂಜಿನಿಯರಿಂಗ್ ಓದುತ್ತಿದ್ದ ಅಣ್ಣನ ಮೊಮ್ಮಗ, ಹಳೆಯ ಎಂಜಿನ್ನೇ ಬೇಡ, ಈಗಿನ ಕಾರಿನದನ್ನು ಕೂರಿಸೋಣ, ಏಸಿ ಹಾಕೋಣ, ಅಗಲ ಗಾಲಿ ಹಾಕೋಣ ಎಂದ. ಅವನ ಮಾತಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ. ದೊಡ್ಡಜ್ಜಿಗೆ ಬಿಸಿಲು ಆಗದು, ನಾಲ್ಕೂ ಗಾಲಿಗೆ ಹಳೆಯ ಡ್ರಮ್ ಬ್ರೇಕು, ಸೀಟ್ ಬೆಲ್ಟ್ ಇಲ್ಲವೇ ಇಲ್ಲ. ನನ್ನ ನಿಲುವು ಇಷ್ಟು: ಮುಂದೆ ಯಾರಾದರೂ ಬಿಚ್ಚಿ ಮೊದಲಿನಂತೆ ಮಾಡಬಹುದಾದ ಬದಲಾವಣೆಗೆ ಒಪ್ಪಿಗೆ, ಕತ್ತರಿಸಿ ಮಾಡುವುದಕ್ಕೆ ಇಲ್ಲ. ಹಾಗಾಗಿ ಎಂಜಿನ್ನು ಹಳೆಯದೇ ಉಳಿಯಿತು. ಸೊಂಟಕ್ಕೆ ಕಟ್ಟುವ ಬೆಲ್ಟುಗಳನ್ನು, ಅಡಿಯಲ್ಲಿ ಉಕ್ಕಿನ ಬಿಲ್ಲೆ ಕೊಟ್ಟು, ಬೋಲ್ಟ್ ಹಾಕಿ ಬಿಗಿದೆವು. ಮುಂದಿನ ಉದ್ದ ಸೀಟಿನ ಎಡಭಾಗವನ್ನು ಎರಡು ಅಂಗುಲ ಎತ್ತರಿಸಿದೆವು, ಹತ್ತುವಾಗ ಹಿಡಿಯಲು ಒಂದು ಹಿಡಿಕೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಅದು ಹಳೆಯ ಕಾಲದ ರಬ್ಬರನ್ನು ತಿನ್ನುತ್ತದೆ. ಹಾಗಾಗಿ ಪೆಟ್ರೋಲಿನ ಪೈಪು, ಪಂಪಿನ ರಬ್ಬರನ್ನು ಅದನ್ನು ತಡೆಯುವಂಥವುಗಳಿಂದ ಬದಲಿಸಿದೆವು. ಹಳೆಯ ಗಾಡಿ ಇಟ್ಟುಕೊಂಡ ಅಜ್ಜಂದಿರೆಲ್ಲ ಇದನ್ನು ಗಮನಿಸಬೇಕು.

ಮೂಲದ ಬೂದು ಬಣ್ಣವನ್ನೇ ಹೊಡೆಸಬೇಕು ಎಂಬುದು ನನ್ನ ಹಟ. ಬಣ್ಣದ ಕಾರ್ಡ್ ಹಿಡಿದು ಅತ್ತಿಗೆಗೆ ತೋರಿಸಿದೆ, ಅವರಿಗೆ ಸಂತೋಷವಾದೀತು ಎಂದು.

"ಈ ಬೂದಿ ಬಣ್ಣ ನನಗೆ ಅವತ್ತೂ ಸೇರಿರ್ಲಿಲ್ಲ" ಎಂದರು.

"ಅಣ್ಣ ತಂದ ಬಣ್ಣ ಅಲ್ವಾ ಅತ್ತಿಗೆ?"

"ನಿಮ್ಮಣ್ಣ ನನ್ನ ಕೇಳಿ ತಂದಿದ್ರೇನು? ಅವತ್ತು ಯಾರೂ ಕೇಳ್ಲಿಲ್ಲ. ನೀನೀಗ ಕೇಳ್ತಿದೀಯ, ಅದಕ್ಕೆ ಹೇಳ್ತಿದೀನಿ. ಭತ್ತದ ಸಸಿ ಮಡಿ ಐತಲ್ಲ, ಆ ಹಸಿರು ಹಾಕ್ಸು."

ಮರು ಮಾತಾಡಲಿಲ್ಲ ನಾನು. ಕಾರಿನ ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ಅದನ್ನು ನಮೂದಿಸಬೇಕು. ಅದಕ್ಕೂ ಅರ್ಜಿ ತುಂಬಿದೆ.

ಅರ್ಜಿ ಎಂದರೆ ನನಗೆ ಬೇಸರವಿಲ್ಲ, ಮೂವತ್ತಾರು ವರ್ಷ ಅದೇ ಕೆಲಸ. ಕೇಂದ್ರ ಸರಕಾರ 2021ರಲ್ಲಿ ಹೊಸ ನಿಯಮ ತಂದಿತು: ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಸ್ವಂತ ಬಳಕೆಯ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಊರ್ಜಿತ. ಗೌರವವೇನೋ ದೊಡ್ಡದು. ಆದರೆ ಸಣ್ಣ ಅಕ್ಷರಗಳನ್ನು ಓದುವುದು ನನ್ನ ಅಭ್ಯಾಸ. ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿ, ಪೆಟ್ರೋಲ್ ತುಂಬಿಸುವುದು ಇಷ್ಟಕ್ಕೆ ಮಾತ್ರ ರಸ್ತೆಗಿಳಿಸಬೇಕು, ದಿನಬಳಕೆಗೆ ಅಲ್ಲ. ದೇವಸ್ಥಾನಕ್ಕೆ, ಮದುವೆಗೆ, ಅತ್ತಿಗೆಯ ತವರಿಗೆ ಹೋಗುವಂತಿಲ್ಲ! ಹಾಗಾಗಿ ಆ ಬಿರುದನ್ನು ಬಿಟ್ಟು ಸಾಮಾನ್ಯ ನವೀಕರಣಕ್ಕೇ ಹಾಕಿದೆವು. ಹದಿನೈದು ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲಿನಿಂದ 600ರಿಂದ 5,000ಕ್ಕೆ ಏರಿತ್ತು. ತಡವಾದ ದಂಡ, ಹಸಿರು ತೆರಿಗೆ, ಅಣ್ಣನ ಹೆಸರಿನಿಂದ ಅತ್ತಿಗೆಯ ಹೆಸರಿಗೆ ವರ್ಗಾವಣೆ ಬೇರೆ. ತಪಾಸಣೆಯ ದಿನ ಅಧಿಕಾರಿ ಹೆಡ್‌ಲೈಟ್, ಹಾರ್ನ್, ಬ್ರೇಕ್ ಎಲ್ಲ ನೋಡಿ, ಕೊನೆಗೆ ಕೈಗೇರನ್ನು ತಾವೊಮ್ಮೆ ಹಾಕಿ ನೋಡಿ ಮುಗುಳ್ನಕ್ಕು ಸಹಿ ಹಾಕಿದರು.

ಎಲ್ಲ ಖರ್ಚನ್ನೂ ಲೆಡ್ಜರಿನಲ್ಲಿ ಬರೆದಿದ್ದೇನೆ. ಆ ದುಡ್ಡಿಗೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಕಾರೇ ಬರುತ್ತಿತ್ತು. ಮೊತ್ತವನ್ನು ನನ್ನ ಹೆಂಡತಿಯೂ ಈ ಪತ್ರಿಕೆ ಓದುವುದರಿಂದ ಇಲ್ಲಿ ಬರೆಯುವುದಿಲ್ಲ.

2023ರ ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ಆರೂವರೆಗೆ ಹೊರಟೆವು. ಅತ್ತಿಗೆ ಹಿಡಿಕೆ ಹಿಡಿದು, ಬೆನ್ನು ತಿರುಗಿಸಿ ಮೊದಲು ಕೂತು, ಆಮೇಲೆ ಒಂದೊಂದೇ ಕಾಲು ಒಳಗೆಳೆದುಕೊಂಡರು. ಓಡಿಸಿದ್ದು ಅಣ್ಣನ ಮಗ, ಹಿಂದೆ ನಾನು ಮತ್ತು ಮಕ್ಕಳು. ಗಂಟೆಗೆ ನಲವತ್ತು ಕಿಲೋಮೀಟರಿಗಿಂತ ಹೆಚ್ಚು ಹೋಗಲಿಲ್ಲ. ದಾವಣಗೆರೆ ದಾಟುವವರೆಗೆ ಅತ್ತಿಗೆ ಮಾತಾಡಲಿಲ್ಲ. ಹರಿಹರದಲ್ಲಿ ಹರಿಹರೇಶ್ವರನ ಗುಡಿಯ ಮುಂದೆ ಕಾರು ನಿಂತಾಗ ಸುತ್ತ ಜನ ಸೇರಿದರು. ಮುದುಕರೊಬ್ಬರು ಬಾನೆಟ್ ಮುಟ್ಟಿ, "ಯಾರದ್ರಿ ಇದು?" ಎಂದು ಕೇಳಿದರು. ಉತ್ತರ ಕೊಡಲು ಅಣ್ಣನ ಮಗ ಬಾಯಿ ತೆರೆದ.

"ನಂದು" ಎಂದರು ಅತ್ತಿಗೆ.

ಗುಜರಿಯವನ ಸುದ್ದಿಯನ್ನು ಆಮೇಲೆ ಯಾರೂ ಎತ್ತಿಲ್ಲ. ಈಗ ಪ್ರತಿ ಭಾನುವಾರ ಕಾರನ್ನು ಚಾಲೂ ಮಾಡಿ ಲೋಕಿಕೆರೆಯ ಸುತ್ತ ಒಂದು ಸುತ್ತು ಹಾಕುತ್ತೇವೆ. ಪ್ಲಗ್ ತೆಗೆದು ಒರೆಸುವುದು ಮೊಮ್ಮಗಳ ಕೆಲಸ. ಹಿಂದಿನ ಎಡ ಗಾಲಿಯ ಡ್ರಮ್ಮಿನಿಂದ ಕಳೆದ ವಾರದಿಂದ ಕೀರಲು ಸದ್ದು ಬರುತ್ತಿದೆ, ನಾಳೆ ಬಿಚ್ಚಬೇಕು. ಅತ್ತಿಗೆಯ ತಂಗಿಯ ಮೊಮ್ಮಗಳ ಮದುವೆ ಇನ್ನು ಹದಿನೈದೇ ದಿನ ಇದೆ.