ಆಟ ಮಗನದು, ಬಿಲ್ ಅಮ್ಮನದು!

"ಅಮ್ಮಾ, ಬರೀ 80 ರೂಪಾಯಿ ಅಮ್ಮಾ... ಎಲ್ಲರ ಹತ್ರನೂ ಇದೆ, ಪ್ಲೀಸ್!"

ಒಗ್ಗರಣೆಗೆ ಸಾಸಿವೆ ಸಿಡಿಯುತ್ತಿರುವಾಗಲೇ ಮಗರಾಯ ಮೊಬೈಲ್ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತಾನೆ. 'ಮೊದಲು ಹೋಂವರ್ಕ್ ಮುಗಿಸು' ಅಂತ ನೀವು ಗದರಿಸುತ್ತೀರಿ. ಇಲ್ಲವೇ ಈ ಕಾಟ ತಪ್ಪಿದರೆ ಸಾಕು ಅಂತ ಯುಪಿಐ ಪಿನ್ ಒತ್ತಿಬಿಡುತ್ತೀರಿ. ಆ ಗಡಿಬಿಡಿಯಲ್ಲಿ ಒಂದು ಪ್ರಶ್ನೆ ಮಾತ್ರ ಕೇಳುವುದೇ ಇಲ್ಲ. ಆ 80 ರೂಪಾಯಿಗೆ ಅವನಿಗೆ ಸಿಗುವುದಾದರೂ ಏನು?

ಮಕ್ಕಳು ಮೊಬೈಲ್ ಮುಟ್ಟಲೇಬಾರದು ಎಂಬ ಉಪದೇಶವನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಇಲ್ಲಿ ಅದು ಬೇಡ. ಮಿತಿಯಲ್ಲಿ ಆಡಲಿ. ಆದರೆ ಆಡುವ ಆಟ ನ್ಯಾಯವಾದದ್ದೇ ಅಂತ ನೋಡುವ ಹೊಣೆ ಮಾತ್ರ ನಮ್ಮದು.

ಚೌಕಾಬಾರದ ನ್ಯಾಯ

ಬೇಸಿಗೆ ರಜೆಯಲ್ಲಿ ಅಜ್ಜಿ ಮನೆ ಜಗಲಿಯ ಮೇಲೆ ಚೌಕಾಬಾರ ಆಡಿದ್ದು ನೆನಪಿದೆಯೇ? ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಕಾಲಿಡುವ ಹಾಗಿರಲಿಲ್ಲ. "ನಾಲ್ಕಾಣೆ ಕೊಡ್ತೀನಿ, ನನ್ನ ಕಾಯಿ ಒಳಗೆ ಬಿಡು" ಅಂದಿದ್ದರೆ ಅಜ್ಜಿ ಒಪ್ಪುತ್ತಿದ್ದರೇ? ಕವಡೆ ಬಿದ್ದ ಹಾಗೆ ನಡೆಯಬೇಕು, ಅಷ್ಟೆ. ಸಾಹುಕಾರರ ಮಗು, ಬಡವರ ಮಗು ಅನ್ನೋ ಭೇದ ಕವಡೆಗೆ ಗೊತ್ತಿಲ್ಲ.

ಒಳ್ಳೆಯ ವಿಡಿಯೊ ಗೇಮ್‌ನದೂ ಇದೇ ನ್ಯಾಯ. ಆಡಿದಷ್ಟೂ ಕೈ ಪಳಗುತ್ತದೆ, ಪಳಗಿದಷ್ಟೂ ಮುಂದಿನ ಹಂತ ತೆರೆಯುತ್ತದೆ. ಹತ್ತು ಸಲ ಸೋತು ಹನ್ನೊಂದನೇ ಸಲ ಗೆದ್ದಾಗ ಮಗುವಿನ ಮುಖ ಅರಳುತ್ತದಲ್ಲ, ಅದಕ್ಕೆ ಬೆಲೆ ಕಟ್ಟಲಾಗದು. ಆದರೆ ಈಗಿನ ಎಷ್ಟೋ ಆಟಗಳು ಅದಕ್ಕೂ ಬೆಲೆ ಕಟ್ಟಿವೆ!

ಫ್ರೀ ಆಟದ ಗುಟ್ಟು

ಮಕ್ಕಳನ್ನೇ ಯಾಕೆ ದೂರಬೇಕು? ಮಧ್ಯಾಹ್ನದ ಬಿಡುವಿನಲ್ಲಿ ನೀವೂ ಕ್ಯಾಂಡಿ ಕ್ರಷ್ ಆಡಿರುತ್ತೀರಿ. ಅದರಲ್ಲಿರುವುದು ಐದು ಜೀವ. ಮುಗಿದರೆ ಒಂದೊಂದು ಜೀವ ಬರಲು ಅರ್ಧ ಗಂಟೆ ಕಾಯಬೇಕು. ಕಾಯೋಕೆ ಆಗಲ್ವಾ? ದುಡ್ಡು ಕೊಡಿ! 'ಕ್ಲ್ಯಾಶ್ ಆಫ್ ಕ್ಲ್ಯಾನ್ಸ್'ನಲ್ಲೂ ಅಷ್ಟೆ. ದಿನಗಟ್ಟಲೆ ಹಿಡಿಯುವ ಕಟ್ಟಡದ ಕೆಲಸ 'ಜೆಮ್ಸ್' ಕೊಟ್ಟರೆ ತಕ್ಷಣ ಮುಗಿಯುತ್ತದೆ. ದಾರಿಗೆ ಮುಳ್ಳು ಹಾಕುವವರೂ ಅವರೇ, ಚಪ್ಪಲಿ ಮಾರುವವರೂ ಅವರೇ.

ಎರಡನೆಯದು ಲೆಕ್ಕ ಮರೆಸುವ ಉಪಾಯ. ಎಷ್ಟೋ ಆಟಗಳಲ್ಲಿ ಸಾಮಾನಿನ ಬೆಲೆ ರೂಪಾಯಿಯಲ್ಲಿ ಇರುವುದೇ ಇಲ್ಲ. ವಜ್ರ, ನಾಣ್ಯ, ಜೆಮ್ಸ್! ಬೇಕಾಗಿರುವುದು 60 ವಜ್ರ, ಮಾರುವುದು 50 ಇಲ್ಲವೇ 100ರ ಪ್ಯಾಕ್ ಅಂದುಕೊಳ್ಳಿ. ಮಿಕ್ಕ 40ನ್ನು ವ್ಯರ್ಥ ಮಾಡಬಾರದು ಅಂತ ಮತ್ತೆ ಖರೀದಿ. ಸೀರೆ ಅಂಗಡಿಯ ಆಫರ್ ಕೂಪನ್ ನೆನಪಾಯಿತೇ?

ಮೂರನೆಯದು 'ಲೂಟ್ ಬಾಕ್ಸ್'. ಏನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆಗೆ ಮೊದಲೇ ದುಡ್ಡು ಕೊಡಬೇಕು. ಒಳಗೆ ಬಂಗಾರವೂ ಇರಬಹುದು, ಬೂದಿಯೂ ಇರಬಹುದು. ಇದು ಜೂಜಿಗೆ ಸಮ ಅಂತ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ 2018ರಲ್ಲೇ ಹೇಳಿತು.

ಆಟಗಾರರೇ ತಿರುಗಿಬಿದ್ದರು

2017ರ ನವೆಂಬರ್. 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಎಂಬ ಆಟ ಬಿಡುಗಡೆಗೆ ಸಿದ್ಧವಾಗಿತ್ತು. ಅಮೆರಿಕದಲ್ಲಿ ಅದರ ಬೆಲೆ ಸುಮಾರು 60 ಡಾಲರ್. ಅಷ್ಟು ಕೊಟ್ಟು ಕೊಂಡರೂ ಡಾರ್ತ್ ವೇಡರ್‌ನಂಥ ಹೆಸರಾಂತ ಪಾತ್ರ ಕೈಗೆ ಸಿಗಬೇಕಾದರೆ ಆಟದೊಳಗೆ 60,000 ಕ್ರೆಡಿಟ್ ಕೂಡಿಸಬೇಕಿತ್ತು. ಒಂದು ಪಾತ್ರಕ್ಕೆ ಸುಮಾರು 40 ಗಂಟೆ ಆಡಬೇಕು ಅಂತ ಆಟಗಾರರೊಬ್ಬರು ಲೆಕ್ಕ ಹಾಕಿದರು. ಜೊತೆಗೆ, ಬಲ ಹೆಚ್ಚಿಸುವ ಕಾರ್ಡುಗಳಿದ್ದ ಪೆಟ್ಟಿಗೆಗಳನ್ನು ದುಡ್ಡಿಗೂ ಇಟ್ಟಿದ್ದರು. ಕಾಸಿದ್ದವನೇ ಬಾಸು!

ಆಟಗಾರರು ಸುಮ್ಮನಿರಲಿಲ್ಲ. ಗಲಾಟೆ ಜೋರಾದಾಗ ಇಎ ಕಂಪೆನಿ ಪಾತ್ರದ ಬೆಲೆಯನ್ನು ಶೇ 75ರಷ್ಟು ಇಳಿಸಿತು. ಬಿಡುಗಡೆಯ ಹಿಂದಿನ ದಿನ ಆಟದೊಳಗಿನ ದುಡ್ಡಿನ ವ್ಯಾಪಾರವನ್ನೇ ನಿಲ್ಲಿಸಿತು. 2018ರ ಮಾರ್ಚ್‌ನಲ್ಲಿ ಇಡೀ ಪದ್ಧತಿಯನ್ನು ಬದಲಿಸಿ, ಬಲ ಹೆಚ್ಚಿಸುವ ಕಾರ್ಡುಗಳು ಆಡಿಯೇ ಸಿಗಬೇಕು, ದುಡ್ಡಿಗಲ್ಲ ಅಂತ ಮಾಡಿತು. ಗಿರಾಕಿ ಗಟ್ಟಿಯಾಗಿ 'ಬೇಡ' ಅಂದರೆ ಎಷ್ಟು ದೊಡ್ಡ ಅಂಗಡಿಯೂ ಬಾಗುತ್ತದೆ.

ಹಾಗಾದರೆ ಬಲ ಮಾರದೆ ಬರೀ ಬಟ್ಟೆಬರೆ ಮಾರುವ ಆಟ ನಿರಪಾಯವೇ? 'ಫೋರ್ಟ್‌ನೈಟ್' ಅಂಥದ್ದೇ. ಅಲ್ಲಿ ಕೊಳ್ಳುವ ವೇಷದಿಂದ ಗೆಲುವು ಬರುವುದಿಲ್ಲ. ಆದರೂ ಗುಂಡಿಗಳನ್ನು ಗೊಂದಲವಾಗುವಂತೆ ಇಟ್ಟು ಬೇಡದ ಖರೀದಿ ಮಾಡಿಸಿದೆ, ಹೆತ್ತವರ ಒಪ್ಪಿಗೆಯಿಲ್ಲದೆ ಮಕ್ಕಳಿಂದ ಹಣ ಪಡೆದಿದೆ ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಅದನ್ನು ತಯಾರಿಸುವ ಎಪಿಕ್ ಗೇಮ್ಸ್ ಕಂಪೆನಿ ಗ್ರಾಹಕರಿಗೆ ಮರಳಿಸಲೆಂದು 24.5 ಕೋಟಿ ಡಾಲರ್ ಕೊಡಲು 2022ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಆಟ ನ್ಯಾಯವಾಗಿದ್ದರೂ ಅಂಗಡಿಯ ಮೇಲೆ ಒಂದು ಕಣ್ಣಿರಲೇಬೇಕು.

ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿ ನಿಷೇಧಿಸಿದೆ. ಆದರೆ ವಜ್ರ, ವೇಷಗಳ ಖರೀದಿಯ ಕಥೆಯೇ ಬೇರೆ. ಅಲ್ಲಿ ಮಗು ಗೆದ್ದರೂ ಕೈಗೆ ಬಿಡಿಗಾಸು ವಾಪಸ್ ಬರುವುದಿಲ್ಲ. ಹಾಗಾಗಿ ಕಾವಲು ನೀವೇ ಕಾಯಬೇಕು.

ಪಕ್ಕದಲ್ಲಿ ಕೂತು ನೋಡಿ

ಅರ್ಧ ಗಂಟೆ ಮಗುವಿನ ಪಕ್ಕ ಕೂತು, ಬೈಯದೆ, ಈ ಮೂರು ಪ್ರಶ್ನೆ ಕೇಳಿ:

* ದುಡ್ಡು ಕೊಡದವನು ಚೆನ್ನಾಗಿ ಆಡಿದರೆ ಗೆಲ್ಲಬಹುದಾ?
* ದುಡ್ಡು ಕೊಟ್ಟರೆ ಏನು ಸಿಗುತ್ತದೆ ಅಂತ ಮೊದಲೇ ಗೊತ್ತಾಗುತ್ತಾ?
* ಈ ವಜ್ರಕ್ಕೆ ನಮ್ಮ ರೂಪಾಯಿಯಲ್ಲಿ ಎಷ್ಟಾಗುತ್ತೆ?

ಮೂರನೆಯ ಲೆಕ್ಕವನ್ನು ಮಗುವಿನ ಕೈಯಲ್ಲೇ ಮಾಡಿಸಿ. ಅದು ಒಳ್ಳೆಯ ಗಣಿತ ಪಾಠವೂ ಹೌದು.

ಬೀಗ ಹೀಗೆ ಹಾಕಿ

* ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ. ಗೊತ್ತಾಗಿದ್ದರೆ ಇವತ್ತೇ ಬದಲಿಸಿ.
* ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಅಲ್ಲಿ ಕಾರ್ಡ್ ನಂಬರ್ ಉಳಿಸಿದ್ದರೆ ತೆಗೆದುಬಿಡಿ. ಐಫೋನ್ ಆದರೆ 'ಸ್ಕ್ರೀನ್ ಟೈಮ್'ನಲ್ಲಿ ಆಟದೊಳಗಿನ ಖರೀದಿಯನ್ನೇ ನಿಲ್ಲಿಸಬಹುದು.
* ಮಗುವಿಗೇ ಬೇರೆ ಫೋನ್ ಇದ್ದರೆ ಗೂಗಲ್‌ನ 'ಫ್ಯಾಮಿಲಿ ಲಿಂಕ್' ಹಾಕಿ. ಪ್ಲೇ ಸ್ಟೋರ್ ಖರೀದಿಗೆ ನಿಮ್ಮ ಒಪ್ಪಿಗೆ ಬೇಕು ಅಂತ ಅದರಲ್ಲಿ ಗೊತ್ತುಮಾಡಬಹುದು.
* ಬ್ಯಾಂಕಿನ ಎಸ್ಸೆಮ್ಮೆಸ್‌ಗಳನ್ನು ಓದದೆ ಅಳಿಸಬೇಡಿ. ಕಣ್ತಪ್ಪಿ ಖರೀದಿಯಾಗಿದ್ದರೆ 48 ಗಂಟೆಯೊಳಗೆ ಗೂಗಲ್ ಪ್ಲೇಯಲ್ಲಿ ಮರುಪಾವತಿ ಕೇಳಿ. ತಡವಾದಷ್ಟೂ ಕಷ್ಟ.

ಮಗು ಕೇಳದೆ ದುಡ್ಡು ಖರ್ಚು ಮಾಡಿದ್ದು ಗೊತ್ತಾದರೆ ಹೊಡೆಯಬೇಡಿ, ನೆಂಟರೆದುರು ಆಡಿಕೊಳ್ಳಬೇಡಿ. ಹೆದರಿದ ಮಗು ಮುಂದಿನ ಸಲ ಇನ್ನೂ ಜಾಣತನದಿಂದ ಮುಚ್ಚಿಡುತ್ತದೆ. ಬದಲಿಗೆ ತಿಂಗಳಿಗೆ ಇಷ್ಟೇ ಅಂತ ಒಂದು ಮೊತ್ತ ಗೊತ್ತುಮಾಡಿ. ಅದು ಮುಗಿದರೆ ಮುಂದಿನ ತಿಂಗಳವರೆಗೆ ಕಾಯಬೇಕು. ಆಟ ಮಾಡುವವರ ಉಪಾಯಗಳನ್ನೂ ಕಥೆ ಹೇಳಿದ ಹಾಗೆ ಬಿಡಿಸಿ ಹೇಳಿ. ಬೈಗುಳ ಮಕ್ಕಳ ಕಿವಿಗೆ ಇಳಿಯುವುದಿಲ್ಲ ನಿಜ. ಆದರೆ ತಮಗೆ ಯಾರೋ ಟೋಪಿ ಹಾಕುತ್ತಿದ್ದಾರೆ ಅಂತ ಗೊತ್ತಾದರೆ ಯಾವ ಮಗುವೂ ಸಹಿಸುವುದಿಲ್ಲ!